ಬಾಗದ ಬೆರಳು

ಮಳವಳ್ಳಿ ಸೆಕ್ಷನ್ನಿನ ಲೈನ್‌ಮ್ಯಾನ್ ಜವರಪ್ಪನಿಗೆ
ಹೊಡೆದದ್ದು ಹನ್ನೊಂದು ಕೆ.ವಿ. ಅಲ್ಲ,
ಹಾಗಾಗಿದ್ದರೆ ಈ ಪದ್ಯವೇ ಬೇರೆ.
ಹೊಡೆದದ್ದು ಎಲ್.ಟಿ. ಲೈನು,
ಯಾರೋ ಪಂಪ್‌ಸೆಟ್ಟಿಗೆಂದು ಕದ್ದು ಹಾಕಿದ
ಕೊಕ್ಕೆ ಬಿಡಿಸುವಾಗ.
ಬಲಗೈಯ ಎರಡು ಬೆರಳು ಮರಗಟ್ಟಿ
ಅಪ್ಪ ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿ
ನಲವತ್ತು ದಿನ ಸೂರು ನೋಡುತ್ತ ಮಲಗಿದ್ದ.

ಅಲ್ಲಿ ಫಿಲೋಮಿನಾ ಸಿಸ್ಟರು
ಒಂದು ಉಂಡೆ ಬಿಳಿ ದಾರ, ಒಂದು ಕ್ರೋಶ ಕಡ್ಡಿ ತಂದು
"ಬೆರಳು ಬಾಗಬೇಕಲ್ಲ, ಹಾಕಿ" ಅಂದರಂತೆ.
ಔಷಧಿ ಚೀಟಿಯ ಬೆನ್ನಿಗೆ
ಸರಪಳಿ ಗಂಟಿನ ಚಿತ್ರ ಬರೆದುಕೊಟ್ಟರಂತೆ.
ಅಪ್ಪ ಕಡ್ಡಿಯ ತುದಿ ನೋಡಿ
"ಇಲ್ಲೂ ಕೊಕ್ಕೆನೇಯಾ" ಎಂದು ನಕ್ಕನಂತೆ.

ಮನೆಗೆ ಬಂದ ಮೇಲೂ ಹಾಕಿದ.
ಬಂದವರೆಲ್ಲ ಒಪ್ಪಿದರು.
"ಡಾಕ್ಟ್ರು ಹೇಳವ್ರೆ ಅಂದ್ಮೇಲೆ ಇನ್ನೇನ್ ಮಾಡಕಾದದು,"
ಮರೀಗೌಡ ದೊಡ್ಡಪ್ಪ
ಉರುಳಿದ ಉಂಡೆಯನ್ನು ಎತ್ತಿಕೊಟ್ಟ, ಕನಿಕರದಿಂದ.
ಟಿ.ವಿ.ಗೆ ಹೊದಿಕೆ, ರೇಡಿಯೋಗೆ ಹೊದಿಕೆ,
ನೀರಿನ ಹೂಜಿಗೆ ಮಣಿಯಂಚಿನ ಮುಸುಕು.
ಪಕ್ಕದ ಹೊಂಬಾಳಮ್ಮ ಕೇಳಿದರೆ
"ಕೈಗೆ ವ್ಯಾಯಾಮ" ಅನ್ನುತ್ತಿದ್ದ ಅಪ್ಪ,
ಮಾತ್ರೆ ನುಂಗುವವನ ಮುಖ ಮಾಡಿ.

ಏಳನೇ ತಿಂಗಳಿಗೆ ಬೆರಳು ಬಾಗಿತು.

ಮೊದಲು ಕಂಡವಳು ನಾನು.
ಮುದ್ದೆ ಮುರಿದ ಕೈ
ಐದೂ ಬೆರಳು ಕೂಡಿಸಿ ಸಾರಿಗೆ ಇಳಿಯಿತು.
"ಅಪ್ಪಾ!" ಅಂದೆ.
ಅಪ್ಪ ಬಾಗಿಲ ಕಡೆ ನೋಡಿದ.
ಎರಡು ಬೆರಳನ್ನು ನಿಧಾನಕ್ಕೆ
ಕಂಬದ ಹಾಗೆ ನೆಟ್ಟಗೆ ಮಾಡಿಕೊಂಡ.

ಅಲ್ಲಿಂದ ಹದಿನೆಂಟು ವರ್ಷ
ಜನರ ಮುಂದೆ ಆ ಬೆರಳು ಬಾಗಲಿಲ್ಲ.
ಕಂಬದ ಮೇಲೆ ಬಾಗುತ್ತಿತ್ತು,
ಕತ್ತಲಲ್ಲಿ ಫ್ಯೂಸು ಕಟ್ಟುವಾಗ ಬಾಗುತ್ತಿತ್ತು,
ಕೆಳಗಿಳಿದಾಗ ಯಾರಾದರೂ ಬೀಡಿ ಚಾಚಿದರೆ
ಎಡಗೈ ಮುಂದೆ ಬರುತ್ತಿತ್ತು.

ಅವ್ವನಿಗೆ ಗೊತ್ತಿತ್ತು.
ಅವಳು ಕಡ್ಡಿ ಹಿಡಿದವಳೇ ಅಲ್ಲ,
ಹೂ ಕಟ್ಟುವುದಕ್ಕೂ ಬೇಸರ, ಮಾರು ಲೆಕ್ಕದಲ್ಲಿ ಕೊಳ್ಳುತ್ತಿದ್ದಳು.
ನನ್ನ ನೋಡಲು ಕಿರುಗಾವಲಿನಿಂದ ಬಂದವರು
ಮೇಜಿನ ಹಾಸಿನ ನವಿಲನ್ನು ಸವರಿ
"ಹುಡುಗಿ ಕೈಕೆಲಸವೋ, ತಾಯಿದೋ" ಎಂದಾಗ
ಅವ್ವ "ನಂದೇ" ಅಂದಳು,
ಕಾಫಿ ಲೋಟ ಎಣಿಸುತ್ತ.
"ಬಾಳ ನಾಜೂಕು" ಅಂದರು.
ಒಳಮನೆಯ ಬಾಗಿಲಲ್ಲಿ ಅಪ್ಪನ ಮುಖ
ಒಂದು ಗಳಿಗೆ ಹತ್ತಿಕೊಂಡು
ಲೋಡ್‌ಶೆಡ್ಡಿಂಗಿನಂತೆ ಹೋಯಿತು.

ಆ ರಾತ್ರಿ ಅವ್ವ ಪಾತ್ರೆ ಕುಕ್ಕಿದಳು:
"ಕಾಯ್ಲೆಗಾದ್ರೆ ಹಾಕ್‌ಬೋದು, ಖುಷಿಗೆ ಹಾಕ್‌ಬಾರ್ದಾ?
ನನ್ ತಲೆಗ್ಯಾಕ್ ಕಟ್ದೆ ಆ ನವಿಲ?
ನಾಳೆ ಬೀಗ್ರು ಒಂದ್ ಹಾಕ್ಕೊಡಿ ಅಂದ್ರೆ
ನಾನೂ ಹೋಗಿ ಕರೆಂಟ್ ಹೊಡಿಸ್ಕೊಳ್ಳಾ?"
ಅಪ್ಪ ಮಾತಾಡಲಿಲ್ಲ.
ನವಿಲಿನ ಕತ್ತಿನ ಒಂದು ಸಾಲು ಬಿಚ್ಚಿ
ಮತ್ತೆ ಹಾಕಿದ.

ನಿವೃತ್ತಿಯ ದಿನ ಸೆಕ್ಷನ್ ಆಫೀಸರು
"ಎರಡು ಬೆರಳು ಸ್ವಾಧೀನವಿಲ್ಲದೆಯೂ
ಕಂಬ ಹತ್ತಿದ ಗಂಡುಗಲಿ" ಅಂದರು.
ಚಪ್ಪಾಳೆ. ಪೇಟ, ಶಾಲು, ಹಣ್ಣಿನ ಬುಟ್ಟಿ.
ಅಪ್ಪ ಶಾಲಿನ ಅಂಚನ್ನು
ತೊಡೆಯ ಮೇಲೆ ಎಳೆದುಕೊಂಡು ನೋಡುತ್ತಿದ್ದ.
ಮಿಷಿನ್ ಅಂಚು. ಒಂದು ಕಡೆ ಎಳೆ ತಪ್ಪಿತ್ತು.
ಎಲ್ಲರೆದುರು, ಮೈಕಿನೆದುರು,
ಎರಡು ಬೆರಳೂ ಬಾಗಿ
ಆ ತಪ್ಪನ್ನು ಹುಡುಕಿ ಹಿಡಿದವು.

ಮೊದಲ ಸಾಲಲ್ಲಿದ್ದ ಮರೀಗೌಡ ದೊಡ್ಡಪ್ಪ
ನೋಡಿದ. ಕೆಮ್ಮಿದ.
ಪಕ್ಕದವನ ಕಡೆ ತಿರುಗಿ
ನಾಲೆಗೆ ನೀರು ಯಾವಾಗ ಬಿಡ್ತಾರೆ ಎಂದು ಕೇಳಿದ.

ಮಾರನೇ ಬೆಳಿಗ್ಗೆ ಅವನ ಮೊಮ್ಮಗ ಬಂದ,
ಅಂಗಿಯ ಜೇಬಲ್ಲಿ ಹಿಡಿಸದ
ಹಸಿರು ದಾರದ ಉಂಡೆ.
"ಬೆರಳು ನೋವು ಹೆಂಗೈತೆ
ಕೇಳ್ಕಂಡ್ ಬಾ ಅಂದ್ರು ತಾತ."

ಅಪ್ಪ ಉಂಡೆಯ ತುದಿ ಹುಡುಕುತ್ತಲೇ ಹೇಳಿದ:
"ಇನ್ನೂ ಒಸಿ ಐತೆ ಅನ್ನು."