ಯಾರ ಹಿಡಿ

ಏಪ್ರಿಲ್ ಮೊದಲ ಸೋಮವಾರ, ಸಂಘದ ಕಪ್ಪು ಹಲಗೆಯ ಮೇಲೆ
ಅಂಗೈಯಗಲದ ಅಕ್ಷರದಲ್ಲಿ ನಾನೇ ಬರೆದೆ:
'ಈ ವರ್ಷ ಗುಣಮಟ್ಟ ಹೆಚ್ಚಿಸುವುದು.'
ಸುಣ್ಣದ ಪುಡಿ ಕೊಡವಿ, ಹಿಂದೆ ಸರಿದು ನೋಡಿದೆ.
ಚೆನ್ನಾಗಿತ್ತು.
ಹದಿನೆಂಟು ವರ್ಷ ಲೆಕ್ಕ ಬರೆದ ಕೈ.

ಮರಳು ಸೋಸುವ ಜರಡಿ ಕೆಳಗಿಟ್ಟು
ಖೈರುನ್ ಬೀ ಕೇಳಿದಳು: 'ಎಷ್ಟು ಹೆಚ್ಚು?'
ಸುಮ್ಮನಾದೆ.
'ಯಾವತ್ತಿನೊಳಗ? ಯಾರು ಮಾಡಬೇಕ್ರಿ?
ಆತು ಅಂತ ನಮಗ ಹೆಂಗ ಗೊತ್ತಾಗತೈತಿ?'
ಕಾದ ಮರಳಿಗೆ ಬಿದ್ದ ಅಕ್ಕಿಯ ಹಾಗೆ
ನೋಡನೋಡುತ್ತ ಉಬ್ಬಿತು ನನ್ನ ಮಾತು,
ಉಬ್ಬಿ ಹಗುರಾಯಿತು,
ದಾವಣಗೆರೆಯ ಮಧ್ಯಾಹ್ನದ ಗಾಳಿಗೆ
ಒಂದೆರಡು ಅಕ್ಷರ ಹಾರಿಯೂ ಹೋದವು.

ಅಂಕಿ ಬೇಕು ತಾನೆ? ಒರೆಸಿ ಬರೆದೆ:
'ಭಟ್ಟಿಗೆ ದಿನಕ್ಕೆ ನಲವತ್ತು ಚೀಲ.'
ಮೂವತ್ತೆರಡಿತ್ತು. ಜೂನ್ ಮುಗಿಯುವುದರೊಳಗೆ ನಲವತ್ತೆರಡು!
ಅರ್ಧ ಕಿಲೋ ಪೇಡ ತರಿಸಿ ಹಂಚಿದೆ.
ಮರುವಾರ ಹೊನ್ನಾಳಿಯ ವ್ಯಾಪಾರಿ
ಒಂದೇ ಕೈಯಲ್ಲಿ ಚೀಲ ಎತ್ತಿ ನಕ್ಕ:
'ಇದ್ರಾಗ ಮಂಡಕ್ಕಿನೂ ಐತೇನ್ರಿ?'

ದಾದಾಪೀರ್ ಚೀಲ ಕುಲುಕುವುದು ಬಿಟ್ಟಿದ್ದ, ಅಷ್ಟೆ.
ಮೋಸ ಎನ್ನಲಾರೆ.
ನಾನು ಕೇಳಿದ್ದು ಚೀಲ. ಅವನು ಕೊಟ್ಟದ್ದು ಚೀಲ.

ಮೂರನೇ ಸಲ ಎಲ್ಲರೂ ಚಾಪೆ ಹಾಸಿ ಕೂತೆವು,
ನಡುವೆ ಖಾರ ಮಂಡಕ್ಕಿ, ಮಿರ್ಚಿ.
'ಗಿರಾಕಿ ಬೈಯೋದು ಯಾವುದಕ್ಕ?' ಹಾಲಮ್ಮ ಶುರು ಮಾಡಿದಳು.
ಹಲ್ಲಿಗೆ ಸಿಗುವುದಕ್ಕೆ.
ಅರಳದೆ ಉಳಿದ, ಕಲ್ಲಿನಂಥ ಕಾಳಿಗೆ.
'ಹಂಗಾರ ಅದನ್ನ ಬರೀರಿ.'
ಚೀಲಕ್ಕೆ ಒಂದು ಹಿಡಿಗಿಂತ ಹೆಚ್ಚು ಕಾಳು ಇರಕೂಡದು...
'ಯಾರ ಹಿಡಿ?'

ತಿಪ್ಪಣ್ಣನದು ತೆಂಗಿನ ಚಿಪ್ಪಿನಷ್ಟು.
ಹಾಲಮ್ಮನದು ಅದರರ್ಧ.
ಪೆನ್ನು ಹಿಡಿದ ನನ್ನದನ್ನು ಯಾರೂ ಕೇಳಲಿಲ್ಲ.
ತಾಸುಗಟ್ಟಲೆ ಜಗಳವಾಡಿ
ಕೊನೆಗೆ ಎದುರಿನ ಟೀ ಅಂಗಡಿಯಿಂದ ಗಾಜಿನ ಲೋಟ ಬಂತು.
ಗಣಪತಿ ಹಬ್ಬದ ಹಿಂದಿನ ಶನಿವಾರದೊಳಗೆ
ಚೀಲಕ್ಕೆ ಅರ್ಧ ಲೋಟ.
ನೆನೆಸುವ ನೀರು, ಒಣಗಿಸುವ ಹೊತ್ತು ತಿಪ್ಪಣ್ಣನದು.
ಅಳೆಯುವವಳು ಹಾಲಮ್ಮ.
ಈ ಗೂಡಿನಲ್ಲಿ ಇದೇ ಲೋಟ; ಬೇರೆಯದು ನಡೆಯದು.

ಅವತ್ತೇ ಅಳೆದಾಗ ಎರಡು ಲೋಟ, ಮೇಲೊಂದಿಷ್ಟು.
ಹಬ್ಬಕ್ಕೆ ಮುಕ್ಕಾಲು.
ಅರ್ಧ ಮುಟ್ಟಲಿಲ್ಲ ನಾವು.
ಆದರೂ ಆ ಕಾಲು ಲೋಟದ ಕೊರತೆಯನ್ನು
ಬೆರಳಿಟ್ಟು ತೋರಿಸಬಹುದಿತ್ತು:
ಇಲ್ಲಿಂದ ಇಲ್ಲಿಗೆ.
ಹದಿನೆಂಟು ವರ್ಷದಲ್ಲಿ ನಾನು ಬರೆದ ಯಾವ ವಾರ್ಷಿಕ ವರದಿಗೂ
ಸೋಲಲು ಬಂದಿರಲಿಲ್ಲ.

ಹೊಸ ಬಣ್ಣ ಹೊಡೆಸಲೆಂದು ಹಲಗೆ ಇಳಿಸಿದ ದಿನ
ಹಿಂದಿನ ಮಸಿಗೋಡೆಯ ಮೇಲೆ ಸೀಮೆಸುಣ್ಣದ ಗೀಟುಗಳು.
ನಾಲ್ಕು ಉದ್ದ, ಒಂದು ಅಡ್ಡ.
ನಾಲ್ಕು ಉದ್ದ, ಒಂದು ಅಡ್ಡ. ಸಾಲು ಸಾಲು.
'ಯಾವ ಲೆಕ್ಕ ಇದು?'

ಖೈರುನ್ ಬೀ ಸೆರಗಿನಿಂದ ಬಾಯಿ ಒರೆಸಿಕೊಂಡಳು.
'ಕೆಮ್ಮಿಂದು.
ಸೋಮವಾರ ಅರವತ್ತೊಂದು. ಮಂಗಳವಾರ ಐವತ್ತೆಂಟು.
ಶುಕ್ರವಾರ ಭಟ್ಟಿಗೆ ರಜ, ಅವತ್ತು ಹನ್ನೊಂದು.
ಅದನ್ನ ಮನ್ಯಾಗ ಎಣಿಸಿ, ಮರುದಿನ ಬಂದು ಗೀಚೇನಿ.
ಹೊಗಿ ಜಾಸ್ತಿ ಹೊಗಿ ಜಾಸ್ತಿ ಅಂತ ಆರು ವರ್ಷ ಅಂದೆ.
ಬರೇ ಮಾತು. ಹಾರಿ ಹೋತು.'

ಸೀಮೆಸುಣ್ಣ ತೆಗೆದುಕೊಂಡು ಆ ಗೀಟುಗಳ ಕೆಳಗೇ ಬರೆದೆ:
'ಚಿಮಣಿ ಎತ್ತರಿಸುವುದು.'
ನಿಂತೆ. ಬೆನ್ನ ಹಿಂದೆ ಯಾರೂ ಏನೂ ಕೇಳಲಿಲ್ಲ.
ಮರಳು ಚರಗುಟ್ಟುವುದಷ್ಟೇ ಕೇಳುತ್ತಿತ್ತು.

ಎಷ್ಟು? ಹನ್ನೆರಡು ಅಡಿ.
ಯಾವತ್ತಿನೊಳಗೆ? ದೀಪಾವಳಿಗೆ ಮುಂಚಿನ ಸೋಮವಾರ.
ಆಯಿತೆಂದು ಗೊತ್ತಾಗುವುದು? ಗೋಡೆ ಹೇಳುತ್ತದೆ.
ಯಾರು?
ನನ್ನ ಹೆಸರಿನ ಎರಡನೇ ಅಕ್ಷರಕ್ಕೆ ಸೀಮೆಸುಣ್ಣ ಮುರಿಯಿತು.
ಉಳಿದ ತುಂಡಿನಲ್ಲಿ,
ಉಗುರು ಗೋಡೆಗೆ ಉಜ್ಜುತ್ತ,
ಬರೆದು ಮುಗಿಸಿದೆ.