ಮುಳುಗಿ

ಆಯನೂರಿನ ಹೈಸ್ಕೂಲು. ಬಿಸಿಯೂಟದ ನಂತರದ ಪೀರಿಯಡ್ಡು.
ಒಂಬತ್ತನೇ ಬಿ ಅರ್ಧ ನಿದ್ದೆಯಲ್ಲಿ.
ಬೋರ್ಡಿನ ಮೇಲೆ ಬರೆದೆ: ಇಂಗ್.
ಅದರ ಕೆಳಗೆ: ಹ್ಯಾವಿಂಗ್.

ಈ ಇಂಗಿಗೆ ಸ್ವಂತ ಕಾಲಿಲ್ಲ, ಕಾಲವೂ ಇಲ್ಲ, ಅಂದೆ.
ತಾಳಗುಪ್ಪದ ರೈಲಿನ ಬೋಗಿ ಇದ್ದ ಹಾಗೆ,
ಎಂಜಿನ್ನು ನಿನ್ನೆಗೆ ಎಳೆದರೆ ನಿನ್ನೆಗೆ,
ನಾಳೆಗೆ ಎಳೆದರೆ ನಾಳೆಗೆ.
ಹ್ಯಾವಿಂಗ್ ಬಂದರೆ ಮಾತ್ರ
ಒಂದು ಕೆಲಸ ಪೂರಾ ಮುಗಿದು ಇನ್ನೊಂದು ಶುರು:
ಕೈ ತೊಳೆದು ತಟ್ಟೆ ಹಿಡಿದ ಹಾಗೆ.

ಹಿಂದಿನ ಬೆಂಚಿನಿಂದ ಇರ್ಫಾನ್:
ತಟ್ಟೆ ಹಿಡಿದು ನಿಂತರೆ, ಸಾರ್,
ನಿಂತ ಮೇಲೂ ಕೈಯಲ್ಲಿ ತಟ್ಟೆ ಇರತ್ತಲ್ಲ,
ಮುಗಿದದ್ದೆಲ್ಲಿ?

ಕೂತ್ಕೊಳೋ, ಅಂದೆ.
ಉತ್ತರ ಹೊಳೆದಿರಲಿಲ್ಲ.

ಒಮ್ಮೊಮ್ಮೆ ಇದು ಯಾವಾಗ ಎನ್ನುತ್ತದೆ, ಒಮ್ಮೊಮ್ಮೆ ಯಾಕೆ,
ಎರಡಕ್ಕೂ ಒಂದೇ ಬಾಯಿ.
ಆದರೆ ಎರಡು ಕೆಲಸಕ್ಕೂ ಯಜಮಾನ ಒಬ್ಬನೇ ಇರಬೇಕು,
ಇಲ್ಲವಾದರೆ ವಾಕ್ಯ ಜೋತಾಡುತ್ತದೆ.
ಎಲೆಅಡಿಕೆ ಜಗಿಯುತ್ತ ಬಸ್ಸು ಹೊರಟಿತು
ಎಂದು ಬರೆದಿರೋ, ಜಗಿದದ್ದು ಬಸ್ಸೇ.
ಆಗ ಎದ್ದಿತು ತರಗತಿ, ನಕ್ಕು.

ರಾತ್ರಿ ಶಿವಮೊಗ್ಗದ ಬಾಡಿಗೆ ಕೋಣೆಯಲ್ಲಿ
ನಲವತ್ತೆರಡು ನೋಟ್‌ಬುಕ್ಕು, ಒಂದು ಕೆಂಪು ಪೆನ್ನು.
ಸಿಂಚನಾ ಡಿ., ರೋಲ್ ನಂಬರ್ ಮೂವತ್ತೊಂದು,
ದುಂಡಗೆ ಬರೆದಿದ್ದಳು:
ಹ್ಯಾವಿಂಗ್ ಡ್ರೌನ್ಡ್, ವಿ ಕೇಮ್ ಹಿಯರ್.

ಗೆರೆ ಎಳೆದೆ. ಅಂಚಿನಲ್ಲಿ ಕೇಳಿದೆ:
ಮುಳುಗಿದ್ದು ಯಾರು? ಊರೋ, ನೀವೋ?
ಮುಳುಗಿದವರು ಬಂದದ್ದು ಹೇಗೆ?

ಬೆಳಿಗ್ಗೆ ಅವಳು ಮೇಜಿನ ಬಳಿ ನಿಂತು
ಅಜ್ಜ ಹಂಗೇ ಹೇಳದು ಸಾರ್, ಅಂದಳು,
ಮುಳುಗಿ ಇಲ್ಲಿಗೆ ಬಂದ್ವಿ ಅಂತ.
ಊರು ಅಂತ ಸೇರಿಸಬೇಕಾ?

ಸೇರಿಸಬೇಕು.
ಊರಿಗೊಂದು ಕ್ರಿಯಾಪದ, ನಿಮಗೊಂದು ಕ್ರಿಯಾಪದ,
ನಡುವೆ ಒಂದು ಆಫ್ಟರ್.
ಬರೆದುಕೊಟ್ಟೆ. ಸರಿಯಾಗಿತ್ತು.
ಅಣೆಕಟ್ಟು ಮಾಡದೆ ಬಿಟ್ಟದ್ದನ್ನು
ನನ್ನ ಕೆಂಪು ಶಾಯಿ ಮಾಡಿತ್ತು:
ಊರು ಒಂದು ಕಡೆ, ಅವರು ಒಂದು ಕಡೆ.

ಪೋಷಕರ ಸಭೆಗೆ ದ್ಯಾವಪ್ಪನವರೇ ಬಂದರು.
ಮೊಮ್ಮಗಳ ಮಾರ್ಕ್ಸ್ ಕೇಳಲಿಲ್ಲ.
ನಾನು ಸುಮ್ಮನೆ ಕೇಳಿದೆ, ಯಾವ ಊರು ನಿಮ್ಮದು.

ಶರಾವತಿ ನೀರು ಹಿತ್ತಲಿಗೆ ಬಂದು,
ನಂಗೆ ಆಗ ಹತ್ತು ವರ್ಷ ತುಂಬಿ,
ಒರಳುಕಲ್ಲು ಕಿತ್ತು, ಲಾರಿಗೆ ಹೇರಿ,
ಎಮ್ಮೆ ಹತ್ತಲೊಲ್ಲದೆ,
ಅಪ್ಪ ಅದರ ಬಾಲ ತಿರುಚಿ, ತಾನೇ ಅತ್ತು,
ಕತ್ತಲಲ್ಲಿ ಈ ಕಾಡಲ್ಲಿ ಇಳಿದು,
ಮಟ್ಟಿ ಕಡಿದು, ಗುಡಿಸಲು ಕಟ್ಟಿ,
ಅವ್ವಂಗೆ ಚಳಿಜ್ವರ ಬಂದು,
ಅವ್ವ ಇಲ್ಲದೆ ಗದ್ದೆ ಮಾಡಿ,
ಹಕ್ಕುಪತ್ರಕ್ಕೆ ಅರ್ಜಿ ಕೊಟ್ಟು,
ಅಪ್ಪ ಕೊಟ್ಟು, ನಾ ಕೊಟ್ಟು, ಮಗ ಕೊಟ್ಟು,

ಅಷ್ಟೇ.
ನಾನು ಕ್ರಿಯಾಪದಕ್ಕೆ ಕಾದು ಕೂತಿದ್ದೆ,
ಎಷ್ಟು ಯಜಮಾನರು ಒಂದೇ ವಾಕ್ಯದಲ್ಲಿ ಎಂದು ಎಣಿಸುತ್ತ:
ನೀರು, ವಯಸ್ಸು, ಎಮ್ಮೆ, ಅಪ್ಪ, ಜ್ವರ.
ಯಾವುದೂ ಜೋತಾಡಲಿಲ್ಲ.

ಪ್ಲಾಸ್ಟಿಕ್ ಕವರಿನ ಕಾಗದ ಹಿಡಿದು ನಿಂತಿದ್ದರು ದ್ಯಾವಪ್ಪ,
ಕುಂಸಿ ಬಸ್ಸಿನ ಸದ್ದಾಗುವವರೆಗೂ.

ಇರ್ಫಾನ್, ನಾಳೆ ಮುಂದಿನ ಬೆಂಚಿಗೆ ಬಾ.