ಒಂದು ಪುಟ ಮುಂದೆ

ನೆಬ್ರಾಸ್ಕಾದ ಜುಲೈ ತಿಂಗಳಲ್ಲಿ ಸರ್ಕಾರದ ಹಾಳೆ ತುಂಬುತ್ತೇನೆ:
ಮನೆಯಲ್ಲೇ ಕಲಿಸುವವರ ಹೆಸರು, ಕಲಿಸುವವರ ಓದು.
ಹೆಸರು ಸಲೀಸು. ಲಿಯೋಬಾ ಕುಚೆರಾ.
ಓದಿನ ಮುಂದೆ ಪೆನ್ನು ತುಸು ನಿಲ್ಲುತ್ತದೆ.
ಹೈಸ್ಕೂಲು, ಆಮೇಲೆ ಹನ್ನೊಂದು ತಿಂಗಳು
ಕೂದಲು ಕತ್ತರಿಸುವ ತರಬೇತಿ.

ಆ ಕೈಯಲ್ಲೇ ಈಗ ತರ್ಕ, ರೇಖಾಗಣಿತ,
ಸತ್ತುಹೋಯಿತೆಂದು ಊರೆಲ್ಲ ಹೇಳುವ ಲ್ಯಾಟಿನ್.
ಅನ್ಸೆಲ್ಮನಿಗೆ ಹದಿಮೂರು. ಜೀಟಾಗೆ ಹತ್ತು.
ಬ್ಲೇಸ್ ಇನ್ನೂ ಮೇಜಿನಡಿ, ಯಾರದೋ ಕಾಲ್ಚೀಲ ಎಳೆಯುತ್ತ
ಅವರ ಬಾಯಿಪಾಠಕ್ಕೆ ಕೊನೆಯ ಅಕ್ಷರ ಮಾತ್ರ ಸೇರಿಸುತ್ತಾನೆ.

ಗುಟ್ಟು ಇಷ್ಟೇ: ನನಗೂ ಬರುತ್ತಿರಲಿಲ್ಲ.
ಮಕ್ಕಳು ಮಲಗಿ, ಎಮಿಲ್ ಗ್ಯಾಸ್ ಟ್ಯಾಂಕರು ನಿಲ್ಲಿಸಿ
ಬೂಟಿನ ಹಿಮ ಕೊಡವಿ, ಉಂಡು, ಗೊರಕೆ ಹಿಡಿದ ಮೇಲೆ
ನಾಳೆಯ ಪಾಠ ಇವತ್ತು ಕಲಿಯುತ್ತೇನೆ.
ಒಂದು ಪುಟ ಮುಂದೆ. ಯಾವತ್ತೂ ಒಂದೇ ಪುಟ.
ಹಿಮ ಸರಿಸುವ ಗಾಡಿಯ ಹಾಗೆ;
ಅದರ ಮುಂದೆ ಬರೀ ಹಿಮ,
ದಾರಿ ಎಂಬುದು ಬೆನ್ನ ಹಿಂದೆ ಮಾತ್ರ.

ಮೇಜಿಗೆ ಹೊದಿಸಿದ ರೆಕ್ಸಿನ್ನಿನ ತುಂಬ
ಕೈವಾರದ ಮುಳ್ಳು ಊರಿದ ತೂತು.
ಎರಡು ವೃತ್ತ, ಒಂದರ ನಡುಬಿಂದು ಇನ್ನೊಂದರ ಅಂಚಿನಲ್ಲಿ,
ಅವು ಕೂಡಿದಲ್ಲಿಂದ ಗೆರೆ ಎಳೆದರೆ ಮೂರು ಬದಿಯೂ ಸಮ.
"ಸಮ ಅಂತ ಕಾಣ್ತಾ ಇದೆಯಲ್ಲ," ಜೀಟಾ.
ಕಂಡರೆ ಸಾಲದು. ಯಾಕೆ, ಹೇಳು.
ಅವಳು ಅತ್ತಳು. ಬ್ರೆಡ್ಡಿನ ಹಿಟ್ಟು ಉಬ್ಬಿ ಪಾತ್ರೆ ದಾಟಿತು.
ಮಧ್ಯಾಹ್ನದ ತ್ರಿಕಾಲ ಪ್ರಾರ್ಥನೆಗೆ ಎದ್ದು ನಿಂತೆವು,
ಅಳು ಹಾಗೇ, ಹಿಟ್ಟೂ ಹಾಗೇ.
ಆಮೆನ್ ಅಂದದ್ದೇ ತೋಳಿಗೆ ಮೂಗೊರೆಸಿ
"ಯಾಕಂದ್ರೆ ಎರಡೂ ವೃತ್ತ ಒಂದೇ ಗೆರೆಯ ಮಕ್ಕಳು" ಅಂದಳು.
ಪುಸ್ತಕದಲ್ಲಿ ಹಾಗಿಲ್ಲ. ಇರಬೇಕಿತ್ತು.

ನಾದಿನಿ ಮಟಿಲ್ಡಾ ಕೇಳುತ್ತಾಳೆ, ಬಂದಾಗೆಲ್ಲ:
"ಈ ಭಾಷೆ ಕಲಿತು ಇವರು ಯಾರ ಹತ್ತಿರ ಮಾತಾಡಬೇಕು?"
ಅವಳ ಕಪ್ಪಿಗೆ ಇನ್ನಷ್ಟು ಕಾಫಿ ಬಗ್ಗಿಸುತ್ತೇನೆ.
ಉತ್ತರ ಬಹುಶಃ ಮುಂದಿನ ಪುಟದಲ್ಲಿದೆ.

ಫೆಬ್ರುವರಿ ಮೂರು, ಸಂತ ಬ್ಲೇಸರ ಹಬ್ಬ.
ಗುರುಗಳು ಎರಡು ಮೇಣದಬತ್ತಿ ಅಡ್ಡ ಹಿಡಿದು
ಎಲ್ಲರ ಗಂಟಲು ಹರಸಿದ ದಿನ.
ರಾತ್ರಿ ಅನ್ಸೆಲ್ಮನ ಕೊರಳಿಗೆ ಟವೆಲ್ಲು ಕಟ್ಟಿ
ಕೂದಲು ಕತ್ತರಿಸುತ್ತಿದ್ದೆ.
"ಅಮ್ಮಾ, ಮಾನುಸ್ ಸ್ತ್ರೀಲಿಂಗ."
ಅಲ್ಲ ಕಣೋ, ಕೊನೆ ನೋಡು, ಉಸ್. ಗಂಡು.
ಮೂರು ವರ್ಷ ಹಾಗೆಯೇ ಕಲಿಸಿದ್ದೆ: ಕೈ ಎಂದರೆ ಗಂಡು.
ಅವನು ಮೆಲ್ಲಗೆ, ನನಗೆ ತಾಗದ ಹಾಗೆ,
"ಮಲಗೋ ಮುಂಚೆ ಹೇಳ್ತೀವಲ್ಲ,
ನಿನ್ನ ಕೈಗಳಿಗೆ ಒಪ್ಪಿಸಿದ್ದೇನೆ ಅಂತ,
ಅಲ್ಲಿ 'ನಿನ್ನ' ಅನ್ನೋದಕ್ಕೆ
ತುವಾಸ್ ಇದೆ. ತುವೋಸ್ ಇಲ್ಲ."

ಎಷ್ಟು ರಾತ್ರಿ ಹೇಳಿದ್ದೆ ಅದನ್ನು.
ಜ್ವರದಲ್ಲಿ ಹೇಳಿದ್ದೆ. ಉಳಿಯದೆ ಹೋದ ಕೂಸಿನ ರಾತ್ರಿ
ಗೋಡೆ ಕಡೆ ತಿರುಗಿ ಹೇಳಿದ್ದೆ.
ನಾಲಿಗೆಗೆ ಗೊತ್ತಿತ್ತು,
ನನಗೆ ಗೊತ್ತಿರಲಿಲ್ಲ.

ಕತ್ತರಿ ಕೆಳಗಿಟ್ಟು ನೋಡಿಕೊಂಡೆ:
ಬೆರಳಸಂದಿಯಲ್ಲಿ ಅವನ ಕೂದಲು, ಉಗುರಲ್ಲಿ ಹಿಟ್ಟು,
ಹೆಬ್ಬೆರಳಿಗೆ ಕೈವಾರ ಚುಚ್ಚಿದ ಕಲೆ.
ಹೌದಲ್ಲ.
ಗಂಡಸಿನ ಕೋಟು ತೊಟ್ಟು ದುಡಿದು
ದಿನದ ಕೊನೆಗೆ ಉಸ್ ಎಂದು ಕೂರುವ ಹೆಂಗಸು.

ಎಲ್ಲರೂ ಮಲಗಿದ ಮೇಲೆ ಪುಸ್ತಕ ತೆರೆದೆ.
ನಾಳೆಯ ಪುಟದ ಅಂಚಿನಲ್ಲಿ ಪೆನ್ಸಿಲ್ ಗುರುತು.
ಮಗುಚಿದೆ. ಅದರಾಚೆಯ ಪುಟದಲ್ಲೂ. ಅದರಾಚೆಗೂ,
ಅವನ ಸಣ್ಣ ಓರೆ ಅಕ್ಷರ,
ಎಷ್ಟು ದಿನದಿಂದಲೋ.
ದೀಪ ಆರಿಸಿದೆ. ಮೂರು ವರ್ಷದಲ್ಲಿ ಮೊದಲ ಸಲ
ಹತ್ತು ಗಂಟೆಗೆ ಮಲಗಿದೆ.

ಭಾನುವಾರದ ಪೂಜೆಯಲ್ಲಿ ಅವನ ಎಡಗಿವಿಯ ಮೇಲೆ
ಕೂದಲು ಇನ್ನೂ ಉದ್ದ, ಬಲಕ್ಕೆ ಮೋಟು.
ಮಟಿಲ್ಡಾ ತಿರುಗಿ ತಿರುಗಿ ನೋಡಿದಳು.
ನೋಡಲಿ ಬಿಡು.